ಅಕಿಲಿಸ್ ನೋವಿಗೆ ಮರಳಿನ ಮೂಟೆ

ಗಾಯ ಆದದ್ದು ನನ್ನ ದುರಾಸೆಯಿಂದಲೇ. ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟಕ್ಕೆ ಇನ್ನು ನಾಲ್ಕು ತಿಂಗಳಿತ್ತು. ಒಂದೇ ವಾರದಲ್ಲಿ ಎರಡು ಸಲ ಆಗುಂಬೆ ಘಾಟಿ ಹತ್ತಿ ಓಡಿದೆ. ಮರುದಿನವೇ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಸ್ಪೈಕ್ಸ್ (ಅಡಿಗೆ ಮುಳ್ಳಿರುವ ಓಟದ ಶೂ) ಹಾಕಿ ಓಡಿದೆ. ಅದರ ಮಾರನೇ ಬೆಳಿಗ್ಗೆ ಎಡಗಾಲಿನ ಅಕಿಲಿಸ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಟೆಂಡನ್ (ಸ್ನಾಯುರಜ್ಜು), ಸೆಟೆದು ಕೋಲಾಗಿತ್ತು. ಹತ್ತು ಹೆಜ್ಜೆ ನಡೆದ ಮೇಲೆ ಸಡಿಲ. ಈ ಆಟ ನಿಮಗೂ ಗೊತ್ತಲ್ವಾ?

ಮೊದಲು ಮೂರು ವಾರ ಸುಮ್ನೆ ಕೂತೆ. ನೋವು ಮಾಯ. ಮೂರೇ ಕಿಲೋಮೀಟರ್ ಓಡಿದ್ದೆ, ಬಡ್ಡಿ ಸಮೇತ ವಾಪಸ್ ಬಂತು. ಆಮೇಲೆ ಎಣ್ಣೆ ತಿಕ್ಕಿಸಿದೆ, ಸಾವಿರದಿನ್ನೂರು ಹೋಯಿತು. ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಸ್ಕ್ಯಾನು, ಮಷೀನು, ಬಸ್ಸು, ರೂಮು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಅಂದರು. ಅಕಿಲಿಸ್‌ಗೆ ಅದನ್ನು ಚುಚ್ಚಿಸಿಕೊಂಡರೆ ಟೆಂಡನ್ ಹರಿದುಹೋಗುವ ಅಪಾಯ ಇದೆ, ಬೇಡ ಅಂದು ಎದ್ದು ಬಂದೆ. ಅಷ್ಟು ಬುದ್ಧಿ ಇತ್ತು.

ಮುಂದಿನ ತಪ್ಪು ಪೂರ್ತಿ ನನ್ನದು. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ 1998ರಲ್ಲಿ ಹೇಳಿದ ಮೆಟ್ಟಿಲಿನ ವ್ಯಾಯಾಮ ಶುರುಮಾಡಿದೆ, ಹಿಮ್ಮಡಿ ಇಳಿಸುವುದು ದಿನಕ್ಕೆ 180 ಸಲ. ಎರಡೇ ವಾರಕ್ಕೆ ಟೆಂಡನ್ ಹೆಬ್ಬೆರಳಿನಷ್ಟು ದಪ್ಪವಾಯಿತು. ಆ ವ್ಯಾಯಾಮ ತಿಂಗಳುಗಟ್ಟಲೆ ಹಳೆಯದಾದ ನೋವಿಗೆ. ನನ್ನದು ಆಗಷ್ಟೇ ಕೆರಳಿದ ಟೆಂಡನ್, ಆಸ್ಟ್ರೇಲಿಯಾದ ಸಂಶೋಧಕರಾದ ಜಿಲ್ ಕುಕ್ ಮತ್ತು ಪರ್ಡಮ್ 2009ರಲ್ಲಿ ಹೇಳಿದ ಟೆಂಡನ್ ಗಾಯದ ಹಂತಗಳಲ್ಲಿ ಮೊದಲನೆಯದು.

ಕೊನೆಗೆ ಓಟ ನಿಲ್ಲಿಸದೆ ಕಡಿಮೆ ಮಾಡಿದೆ. ಏರು, ಸ್ಪೈಕ್ಸ್, ಮೀನಖಂಡದ ಸ್ಟ್ರೆಚಿಂಗ್ ಮೂರೂ ಬಂದ್. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ದಪ್ಪದ ತುಂಡನ್ನು ಶೂ ಒಳಗೆ ಹಿಮ್ಮಡಿಯಡಿ ಇಟ್ಟೆ. ಅಡಿಕೆ ಗೋಣಿಗೆ ನಲವತ್ತು ಕೆಜಿ ಮರಳು ತುಂಬಿ ಹೆಗಲಿಗೇರಿಸಿದೆ. ಹಿಮ್ಮಡಿ ಅರ್ಧ ಎತ್ತಿ 45 ಸೆಕೆಂಡ್ ನಿಲ್ಲುವುದು, ಐದು ಸಲ. ಈ ಲೆಕ್ಕ ಮೊಣಕಾಲಿನ ಟೆಂಡನ್ ಮೇಲಿನ ಪ್ರಯೋಗದ್ದು, ಅಕಿಲಿಸ್‌ನಲ್ಲಿ ನೋವು ಅಲ್ಲೇ ಇಳಿಯುತ್ತದೆ ಅಂತ ಕಾಯಬೇಡಿ. ಮೂರನೇ ವಾರದಿಂದ ಮೂರು ಸೆಕೆಂಡ್ ಮೇಲೆ, ಮೂರು ಸೆಕೆಂಡ್ ಕೆಳಗೆ, ದಿನ ಬಿಟ್ಟು ದಿನ. ‘ನೋವಿರುವಾಗ ಮೂಟೆ ಹೊರುತ್ತೀಯಾ, ಹಮಾಲಿ ಕೆಲಸಕ್ಕೆ ಸೇರಿದೆಯಾ?’ ಅಂತ ಜೊತೆಯವರು ನಕ್ಕರು. ಕೋಚ್ ಮಾತೇ ಬಿಟ್ಟರು.

ಐದನೇ ವಾರ ಕಾರಣವೇ ಇಲ್ಲದೆ ನೋವು ಏರಿತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಮೂಟೆ ತೂಗಿದರೆ ನಲವತ್ತೇಳು! ಜಗಲಿಯಲ್ಲಿ ಇಟ್ಟಿದ್ದ ಮರಳು ಮಳೆಯ ಎರಚಲು ಕುಡಿದಿತ್ತು. ಒಳಗೊಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿದ ಮೇಲೆ ಸರಿಹೋಯಿತು. ಮಲೆನಾಡಿನಲ್ಲಿ ಮಾಡುವವರು ಇದನ್ನು ಮರೆಯಬೇಡಿ.

ನಡುವೆ ಅಜ್ಜಿ ಮಾತು ಕೇಳಿ ಒಂದು ತಿಂಗಳು ಕಾಲು ಸೂಪಿಗೆ ನಿಂಬೆ ಹಿಂಡಿ, ವ್ಯಾಯಾಮಕ್ಕೆ ಒಂದು ಗಂಟೆ ಮೊದಲು ಕುಡಿದೆ. ಜೆಲಟಿನ್ ಮತ್ತು ವಿಟಮಿನ್ ಸಿ ಮೇಲೆ ವಿದೇಶದಲ್ಲೂ ಪ್ರಯೋಗ ನಡೆದಿದೆ. ನನಗಂತೂ ಎರಡು ಕೆಜಿ ಜಾಸ್ತಿಯಾಯಿತು, ಅಷ್ಟೇ. ಆ ಸೂಪು ರುಚಿಗೆ ಮಾತ್ರ.

ದಾರಿ ತೋರಿಸಿದ್ದು ನೋಟ್‌ಬುಕ್. ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಒಂಟಿ ಕಾಲಲ್ಲಿ ಹತ್ತು ಸಲ ಹಿಮ್ಮಡಿ ಎತ್ತಿ ನೋವಿಗೆ ಹತ್ತರಲ್ಲಿ ಅಂಕ ಬರೆಯುತ್ತಿದ್ದೆ. ಹಿಂದಿನ ದಿನಕ್ಕಿಂತ ಏರಿದರೆ ಆ ದಿನ ಓಟ ಇಲ್ಲ. ಯಾವ ಅಂಕಕ್ಕೆ ಎಷ್ಟು ಕೆಜಿ ಏರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹುಡುಗರಿಗೆ.

ಹನ್ನೊಂದನೇ ವಾರ ಮತ್ತೆ ಸ್ಪೈಕ್ಸ್ ಹಾಕಿದೆ. ಆ ಕೂಟ ತಪ್ಪಿಹೋಗಿತ್ತು. ಆದರೆ ಮುಂದಿನ ಋತುವಿನಲ್ಲಿ 1500 ಮೀಟರ್ ಓಟವನ್ನು 3 ನಿಮಿಷ 52 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿದೆ, ಗಾಯಕ್ಕಿಂತ ಮುಂಚಿನದಕ್ಕಿಂತ ಚೆನ್ನಾಗಿಯೇ. ಹಮಾಲಿ ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿ, ಮೂಟೆಗೆ ಎಷ್ಟು ಮರಳು ತುಂಬಲಿ ಅಂತ ಕೇಳಿದ. ಮೊದಲು ಇವತ್ತು ಬೆಳಗಿನ ಅಂಕ ಹೇಳು ಅಂದೆ.