ಉಣ್ಣೆ, ರೇಷ್ಮೆ ಎತ್ತಿಡೋದು ಹೇಗೆ: ನುಸಿಗುಳಿಗೆ ಬಿಟ್ಟ ಮೇಲೆ ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆ. ಜೂನ್ ಶುರುವಾಯಿತು ಅಂದರೆ ಸೆಪ್ಟೆಂಬರ್ ತನಕ ಬೀರು ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮೊದಲೆಲ್ಲ ಬಟ್ಟೆ ಮಧ್ಯೆ ನುಸಿಗುಳಿಗೆ ಹಾಕುತ್ತಿದ್ದೆವು. ಮನೆಗೆ ಮಗು ಬಂದ ಮೇಲೆ ನಿಲ್ಲಿಸಿದೆವು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನೋ ಕಿಣ್ವ ಕಡಿಮೆ ಇರುತ್ತದೆ. ಅಂಥ ಮಕ್ಕಳಿಗೆ ಗುಳಿಗೆಯಲ್ಲಿರುವ ನಾಫ್ತಲೀನ್‌ನಿಂದ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ನುಂಗಬೇಕು ಅಂತೇನಿಲ್ಲ, ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ, ಹೊದಿಕೆಯನ್ನು ಹಾಗೇ ತೆಗೆದು ಹೊದಿಸಿದರೂ ತೊಂದರೆ ಆಗಬಹುದು.

ಸರಿ, ಬದಲಿಗೆ ಏನು? ಯಾರನ್ನು ಕೇಳಿದರೂ ಬೇವಿನ ಎಲೆ ಹಾಕಿ, ಲವಂಗ ಹಾಕಿ ಅಂತಾರೆ. ನಾನೂ ಹಾಕುತ್ತೇನೆ. ಆದರೆ ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಎಲೆ, ಬೇರಿನ ವಾಸನೆಗೆ ಹೊರಗಿನ ಪತಂಗ ಹತ್ತಿರ ಬರೋದು ಸ್ವಲ್ಪ ಕಡಿಮೆ ಆಗಬಹುದು, ಬಟ್ಟೆ ಒಳಗೆ ಆಗಲೇ ಇಟ್ಟ ಮೊಟ್ಟೆ ಸಾಯಲ್ಲ. ಮೊಟ್ಟೆ ಒಳಗಿಟ್ಟುಕೊಂಡೇ ಬೇವು ಹಾಕಿ ಬೀಗ ಹಾಕಿದರೆ ಏನು ಪ್ರಯೋಜನ ಹೇಳಿ.

ಬಟ್ಟೆ ತಿನ್ನೋದು ಹಾರುವ ಪತಂಗ ಅಲ್ಲ, ಅದರ ಮರಿಹುಳ. ಅದಕ್ಕೆ ಬೇಕಾಗಿದ್ದು ಉಣ್ಣೆ, ಕೂದಲು, ಗರಿ, ರೇಷ್ಮೆ. ಶುಚಿಯಾದ ಹತ್ತಿ ಬಟ್ಟೆ ಅದಕ್ಕೆ ಬೇಡ. ಆದರೆ ಬೆವರು, ಎಣ್ಣೆ, ಪಾಯಸದ ಕಲೆ ಇದ್ದರೆ ಅಲ್ಲಿಗೇ ಬಾಯಿ ಹಾಕುತ್ತದೆ. ನಮ್ಮ ಕಡೆ ಗೋಡೆ ಮೇಲೆ ಸೌತೆ ಬೀಜದ ಹಾಗೆ ಚಪ್ಪಟೆಯಾದ, ಬೂದು ಬಣ್ಣದ ಪುಟ್ಟ ಚೀಲಗಳು ಅಂಟಿಕೊಂಡಿರುತ್ತವಲ್ಲ, ಎಷ್ಟೋ ಜನ ಅದನ್ನು ಮಣ್ಣಿನ ಚೂರು ಅಂದುಕೊಂಡಿರುತ್ತಾರೆ. ಅದೂ ಇಂಥದೇ ಇನ್ನೊಂದು ಜಾತಿ ಪತಂಗದ ಮರಿಹುಳದ ಗೂಡು. ಸುಮ್ನೆ ಎರಡು ನಿಮಿಷ ನೋಡುತ್ತಾ ನಿಂತರೆ ಚೀಲದ ಒಂದು ತುದಿಯಿಂದ ಕಂದು ತಲೆ ಹೊರಗೆ ಬರುತ್ತದೆ, ಮುಂದೆ ಸರಿದು, ಚೀಲವನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಇನ್ನೂ ತಮಾಷೆ ಅಂದರೆ ಚೀಲಕ್ಕೆ ಎರಡೂ ಕಡೆ ಬಾಯಿ, ಹುಳ ಒಳಗೇ ತಿರುಗಿ ಆ ಕಡೆಯಿಂದಲೂ ತಲೆ ಹಾಕುತ್ತದೆ. ಹಳೇ ಜೇಡರ ಬಲೆ ಇದರ ಮುಖ್ಯ ಊಟ, ಉಣ್ಣೆ ಸಿಕ್ಕರೆ ಅದನ್ನೂ ಬಿಡಲ್ಲ. ಹಾಗಾಗಿ ಬೀರು ಹಿಂದೆ, ಅಟ್ಟದ ಮೂಲೆಯಲ್ಲಿ ಬಲೆ ತೆಗೆಯೋದೇ ನನ್ನ ಮೊದಲ ಕೆಲಸ.

ಆಮೇಲೆ ಒಗೆಯೋದು. ಒಂದೇ ಸಲ ಮದುವೆಗೆ ಉಟ್ಟ ಸೀರೆಯಾದರೂ, ಒಂದೇ ದಿನ ಹಾಕಿದ ಸ್ವೆಟರ್ ಆದರೂ ಹಾಗೇ ಒಳಗಿಡಲ್ಲ. ಹತ್ತಿ ಸೀರೆ, ಪಂಚೆ ಎತ್ತಿಡುವಾಗ ಗಂಜಿ ಹಾಕಬೇಡಿ. ಹಳೇ ಪುಸ್ತಕದಲ್ಲಿ ಸರ್ರನೆ ಓಡುವ ಬೆಳ್ಳಿ ಬಣ್ಣದ ಹುಳ ಇದೆಯಲ್ವಾ, ಅದಕ್ಕೆ ಗಂಜಿ ಅಂದರೆ ಹಬ್ಬದೂಟ. ಕುರಿ ಉಣ್ಣೆಯ ಕರಿ ಕಂಬಳಿಗೂ ಇದೇ ಮಾತು. ನೇಯುವಾಗ ಅದಕ್ಕೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ಹೊಸದು ಅಷ್ಟು ಬಿರುಸು.

ಬಿಸಿಲಿಗೆ ಹಾಕೋದು ಯುಗಾದಿ ಆದಮೇಲೆ, ಮಳೆ ಹಿಡಿಯೋ ಮುಂಚೆ. ಕಂಬಳಿ, ಶಾಲು, ಸ್ವೆಟರ್ ಎಲ್ಲ ಅಂಗಳದಲ್ಲಿ ಹರವಿ, ಮಧ್ಯಾಹ್ನ ಮಗುಚಿ ಹಾಕಿ, ಸಂಜೆ ಕೋಲಿನಿಂದ ಬಡಿದು ಬ್ರಷ್‌ನಲ್ಲಿ ಉಜ್ಜುತ್ತೇನೆ. ಕಾಲರ್, ಜೇಬಿನ ಒಳಗು, ಹೊಲಿಗೆ ಸಂದು, ಮಡಿಕೆ ಬಿದ್ದ ಜಾಗ, ಇವನ್ನು ಜಾಸ್ತಿ ಉಜ್ಜಬೇಕು, ಯಾಕಂದರೆ ಹುಳಕ್ಕೆ ಬೆಳಕು ಆಗಲ್ಲ, ಅದು ಕೂರೋದೇ ಅಲ್ಲಿ. ಉಣ್ಣೆ ಪೂರ್ತಿ ಆರಿದ ಮೇಲೆಯೇ ಟ್ರಂಕಿಗೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಸರಿಯಾಗಿ ಕೂರದ ಟ್ರಂಕು ಇದ್ದರೆ ಎಲ್ಲ ಕಷ್ಟ ನೀರುಪಾಲು, ಆದ್ದರಿಂದ ನಾನು ಸಂದಿಗೆ ಹಳೇ ಬಟ್ಟೆ ಪಟ್ಟಿ ಒತ್ತುತ್ತೇನೆ.

ಈಗ ವಾಸನೆ ಸಾಮಾನು. ಬೇವನ್ನು ನೆರಳಲ್ಲಿ ಗರಿಗರಿ ಆಗುವಷ್ಟು ಒಣಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಹಸಿ ಎಲೆ ಮಾತ್ರ ಬೇಡವೇ ಬೇಡ. ಮಲೆನಾಡಿನ ತೇವಕ್ಕೆ ಅದು ಕೊಳೆತು ಕಲೆ ಬೀಳುತ್ತದೆ. ನನಗೆ ಬೇವಿಗಿಂತ ಬಜೆ ಮೇಲೆ ನಂಬಿಕೆ. ನಮ್ಮತ್ತೆ ಹೇಳಿದ್ದು: "ಮಗುಗೆ ತೇಯಕ್ಕೆ ತಂದಿದ್ದು ಉಳಿದಿದ್ಯಲ್ಲ, ಕಂಬಳಿ ಒಳಗೆ ಹಾಕೇ." ಗ್ರಂಧಿಗೆ ಅಂಗಡಿಯಲ್ಲಿ ಬಜೆ, ಲಾವಂಚದ ಬೇರು ಎರಡೂ ಸಿಗುತ್ತವೆ. ಬಜೆಯನ್ನು ಜಜ್ಜಿ ಉಣ್ಣೆಗೆ, ಲಾವಂಚವನ್ನು ರೇಷ್ಮೆಗೆ ಇಡುತ್ತೇನೆ. ಲಾವಂಚ ಹುಳ ಓಡಿಸುತ್ತೋ ಇಲ್ಲವೋ, ಸೀರೆ ಉಡುವಾಗ ಆ ಘಮಕ್ಕೇ ಅದನ್ನು ಬಿಡಲು ಮನಸ್ಸಿಲ್ಲ. ಲವಂಗ ಇಡೋದಾದರೆ ಸ್ವಲ್ಪ ಕುಟ್ಟಿ ಇಡಿ, ವಾಸನೆ ಇಳಿದಾಗ ಬದಲಾಯಿಸಿ. ಕರ್ಪೂರ ಬೇಗ ಆವಿಯಾಗಿ ಹೋಗುತ್ತದೆ, ಮಕ್ಕಳ ಬಾಯಿಗೆ ಹೋದರೆ ಅದೂ ವಿಷವೇ, ಹಾಗಾಗಿ ನಾನು ಇಡಲ್ಲ.

ರೇಷ್ಮೆ ಸೀರೆಗೆ ಬಿಸಿಲು ಬೇಡ, ಬಣ್ಣ ಹೋಗುತ್ತದೆ. ನೆರಳಲ್ಲಿ ಗಾಳಿಗೆ ಹರವಿ, ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಲ್ಲಿ ತೇವ ನಿಂತುಬಿಡುತ್ತದೆ. ಒಳ್ಳೇ ಜರಿ ಅಂದರೆ ಒಳಗಿರೋದು ಬೆಳ್ಳಿ, ಕಪ್ಪಾಗೋದು ಅದಕ್ಕೇ. ಬೇವು, ಲವಂಗ ಯಾವುದೂ ಜರಿಗೆ ನೇರವಾಗಿ ತಾಗಬಾರದು. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಾಯಿಸಿದರೆ ಸೀರೆ ಮಡಿಕೆಯಲ್ಲಿ ಸೀಳಲ್ಲ, ಹುಳ ಇದ್ದರೂ ಕಣ್ಣಿಗೆ ಬೀಳುತ್ತದೆ.

ಆಗಲೇ ತೂತು ಬಿದ್ದಿದ್ದರೆ ಎಲೆ, ಬೇರು ನಂಬಬೇಡಿ. ಸ್ವೆಟರ್, ಶಾಲಿನಂಥ ಸಣ್ಣ ಸಾಮಾನನ್ನು ಕವರಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಬಿಡಿ. ಮೈನಸ್ 18 ಡಿಗ್ರಿ ಇದ್ದರೆ ಮೊಟ್ಟೆ, ಹುಳ ಎರಡೂ ಸಾಯುತ್ತವೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ತಣ್ಣಗಿನ ಉಣ್ಣೆ ಮೇಲೆ ನೀರು ಕೂರುತ್ತದೆ. ಅಷ್ಟರಲ್ಲಿ ಟ್ರಂಕು ಖಾಲಿ ಮಾಡಿ, ಮೂಲೆಗಳನ್ನು ಬ್ರಷ್ ಹಾಕಿ ಗುಡಿಸಿ, ಬಿಸಿಲಿಗೆ ಬಾಯಿ ತೆರೆದಿಡಿ. ತಳಕ್ಕೆ ಹಾಸಿದ್ದ ಹಳೇ ಪೇಪರ್ ಒಲೆಗೆ ಹಾಕಿ, ಹೊಸದು ಹಾಸಿ.