ಎಪ್ಪತ್ತು ವಾದ್ಯಗಳ ಮುಂದೆ ಒಂದು ವಯೊಲಿನ್: ಕನ್ಸರ್ಟೊ ಕೇಳಲು ನಾನು ಹೋಗುವ ಬಗೆ

ಅತಿಥಿ ವಯೊಲಿನ್ ವಾದಕರು ಬರುವ ಸಿಂಫನಿ ಕಛೇರಿಗೆ ಟಿಕೆಟ್ ತೆಗೆಯುವ ಮೊದಲು ಅವರು ನುಡಿಸುವ ಕನ್ಸರ್ಟೊ (ಒಂಟಿ ವಾದ್ಯವೂ ಆರ್ಕೆಸ್ಟ್ರಾವೂ ಜೊತೆಗೂಡಿ ನುಡಿಸುವ ಕೃತಿ) ಯಾವುದೆಂದು ನೋಡಿಕೊಳ್ಳುತ್ತೇನೆ. ಕೂರುವ ಜಾಗ, ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ ಎರಡೂ ಅದರ ಮೇಲೆ ನಿಂತಿವೆ. ಕಾರ್ಯಕ್ರಮದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಹತ್ತು ನಿಮಿಷದ ಒಂದು ಚಿಕ್ಕ ಕೃತಿ, ಆಮೇಲೆ 25ರಿಂದ 45 ನಿಮಿಷದ ಕನ್ಸರ್ಟೊ, ವಿರಾಮ, ಕೊನೆಗೆ ಸಿಂಫನಿ. ಅಂದರೆ ಅತಿಥಿಯ ಪಾಲು ವಿರಾಮಕ್ಕೆ ಮೊದಲೇ ಮುಗಿಯುತ್ತದೆ. ತಡವಾಗಿ ಬಂದವರನ್ನು ಕೃತಿಯ ನಡುವೆ ಒಳಗೆ ಬಿಡುವುದಿಲ್ಲ. ಹಾಗಾಗಿ ಅರ್ಧ ಗಂಟೆ ಮುಂಚೆ ತಲುಪುತ್ತೇನೆ.

ಜಾಗದ ವಿಷಯಕ್ಕೆ ಬರೋಣ. ಏಕವಾದಕರು ಕಂಡಕ್ಟರ್‌ನ ಎಡಕ್ಕೆ, ವೇದಿಕೆಯ ಅಂಚಿನ ಹತ್ತಿರ ನಿಲ್ಲುತ್ತಾರೆ. ವಯೊಲಿನ್ನಿನ ಮೇಲ್ಹಲಗೆ ಸಭೆಯತ್ತ ಓರೆಯಾಗಿರುತ್ತದೆ. ನಾದದ ಹೊಳಪೆಲ್ಲ ಆ ಹಲಗೆಯಿಂದ ಚಿಮ್ಮುವುದು. ಕೆಲವು ಸಭಾಂಗಣಗಳಲ್ಲಿ ಆರ್ಕೆಸ್ಟ್ರಾದ ಹಿಂದೆಯೂ ಆಸನಗಳಿವೆ. ಕಂಡಕ್ಟರ್‌ನ ಮುಖ ನೋಡಲು ಅವು ಚೆನ್ನ, ವಯೊಲಿನ್ ಕನ್ಸರ್ಟೊಗೆ ದಂಡ. ಮೊದಲ ಮೂರು ಸಾಲುಗಳಲ್ಲಿ ಕಮಾನಿನ ಕೆರೆತವೂ ವಾದಕರ ಉಸಿರೂ ಕೇಳಿಸುತ್ತವೆ, ಆದರೆ ಕೊಳಲು, ಒಬೊ, ಬಸೂನ್‌ನಂಥ ಊದುವ ವಾದ್ಯಗಳು ತಂತಿವಾದ್ಯಗಳ ಹಿಂದೆ ಮರೆಯಾಗುತ್ತವೆ. ಬಾಲ್ಕನಿಯ ಕೆಳಗೆ ಆಳದಲ್ಲಿ ಕೂತರೆ ಚಾವಣಿಯಿಂದ ಮರಳುವ ಧ್ವನಿ ತಲುಪದೆ ಎಲ್ಲವೂ ಡಬ್ಬಿಯೊಳಗಿನಂತೆ ಕೇಳಿಸುತ್ತದೆ. ನನ್ನ ಆಯ್ಕೆ ಹತ್ತನೆಯ ಸಾಲಿನ ಆಸುಪಾಸು, ನಡುವೆ ಅಥವಾ ಕೊಂಚ ಎಡಕ್ಕೆ. ಅದು ಸಿಗದಿದ್ದರೆ ಬಾಲ್ಕನಿಯ ಮುಂದಿನ ಸಾಲು.

ತಯಾರಿಗೆ ಕೃತಿಯನ್ನು ಧ್ವನಿಮುದ್ರಿಕೆಯಲ್ಲಿ ಎರಡು ಸಲ ಕೇಳಿದರೆ ಸಾಕು, ಸ್ವರಲಿಪಿ ಬೇಕಿಲ್ಲ. ಮೂರು ಜಾಗಗಳನ್ನು ಮಾತ್ರ ಗುರುತು ಹಾಕಿಕೊಳ್ಳುತ್ತೇನೆ: ವಯೊಲಿನ್ ಎಲ್ಲಿ ಪ್ರವೇಶಿಸುತ್ತದೆ, ಕಡೆಂಜಾ (ಆರ್ಕೆಸ್ಟ್ರಾ ನಿಂತು ವಾದಕರು ಒಬ್ಬರೇ ನುಡಿಸುವ ಭಾಗ) ಎಲ್ಲಿದೆ, ಯಾವ ಭಾಗಗಳು ನಿಲ್ಲದೆ ಕೂಡಿಕೊಳ್ಳುತ್ತವೆ. 1806ರ ಬೀಥೊವನ್ ಕನ್ಸರ್ಟೊ ಟಿಂಪನಿ ಎಂಬ ದೊಡ್ಡ ನಗಾರಿಯ ಮೆಲ್ಲನೆಯ ಪೆಟ್ಟುಗಳಿಂದ ಶುರುವಾಗಿ, ವಾದಕರನ್ನು ಸುಮಾರು ಮೂರು ನಿಮಿಷ ಸುಮ್ಮನೆ ನಿಲ್ಲಿಸುತ್ತದೆ. 1844ರ ಮೆಂಡೆಲ್‌ಸನ್‌ನಲ್ಲಿ ಅಂಥ ಕಾಯುವಿಕೆಯೇ ಇಲ್ಲ, ಕೆಲವೇ ಸೆಕೆಂಡುಗಳಲ್ಲಿ ವಯೊಲಿನ್ ಬಂದುಬಿಡುತ್ತದೆ. ಅಲ್ಲಿ ಮೊದಲ ಭಾಗ ಮುಗಿದಾಗ ಬಸೂನ್ ಒಂದೇ ಸ್ವರವನ್ನು ಹಿಡಿದುಕೊಂಡು ಎರಡನೆಯ ಭಾಗಕ್ಕೆ ದಾಟಿಸುತ್ತದೆ. ಚಪ್ಪಾಳೆ ಬಿದ್ದರೆ ಮೊದಲು ಮುಳುಗುವುದು ಆ ಸ್ವರವೇ. ಬ್ರೂಖ್‌ನ ಜಿ ಮೈನರ್ ಕನ್ಸರ್ಟೊದಲ್ಲೂ ಮೊದಲೆರಡು ಭಾಗಗಳ ನಡುವೆ ನಿಲುಗಡೆಯಿಲ್ಲ. ಬೀಥೊವನ್‌ನಲ್ಲಿ ಕೂಡಿಕೊಳ್ಳುವುದು ಎರಡನೆಯದೂ ಮೂರನೆಯದೂ.

ಶುರುವಿಗೆ ಮುನ್ನ ಒಬೊ 'ಎ' ಸ್ವರ ಕೊಡುತ್ತದೆ, ಸೆಕೆಂಡಿಗೆ 440ರಿಂದ 442 ಕಂಪನ. ಅತಿಥಿ ಒಳಗೇ ಶ್ರುತಿ ಮಾಡಿಕೊಂಡು ಬಂದಿದ್ದರೂ ಭಾಗಗಳ ನಡುವೆ ಮತ್ತೆ ತಂತಿ ತಿರುವುತ್ತಾರೆ. ದೀಪಗಳ ಬಿಸಿ, ಬಿರುಸಾದ ಕಮಾನು ಎರಡೂ ಸೇರಿ ಶ್ರುತಿ ಜಾರಿಸುತ್ತವೆ. ಕೆಮ್ಮುವುದಿದ್ದರೆ ಅದೇ ಸಮಯ. ಕೆಮ್ಮಿನ ಮಿಠಾಯಿಯ ಕಾಗದವನ್ನು ಮಾತ್ರ ಮೊದಲೇ ಬಿಚ್ಚಿಟ್ಟುಕೊಂಡಿರಬೇಕು. ನಿಧಾನವಾಗಿ ಬಿಚ್ಚಿದಷ್ಟೂ ಆ ಸದ್ದು ಉದ್ದವಾಗುತ್ತದೆ.

ಇನ್ನು ನಿಜವಾದ ವಿಷಯ: ಎಪ್ಪತ್ತು ವಾದ್ಯಗಳ ಎದುರು ಒಂದು ವಯೊಲಿನ್ ಹೇಗೆ ಕೇಳಿಸುತ್ತದೆ? ಸಂಯೋಜಕರು ದಾರಿ ಬಿಟ್ಟುಕೊಡುವುದರಿಂದ. ತಂತಿವಾದ್ಯಗಳನ್ನು ಮೆಲ್ಲಗಾಗಿಸುತ್ತಾರೆ, ಹಿತ್ತಾಳೆಯ ವಾದ್ಯಗಳನ್ನು ಸುಮ್ಮನಿರಿಸುತ್ತಾರೆ, ಏಕವಾದಕರನ್ನು 'ಇ' ತಂತಿಯ ಮೇಲುಸ್ವರಗಳಿಗೆ ಕಳಿಸುತ್ತಾರೆ. ಸಿಬೆಲಿಯಸ್ ಕನ್ಸರ್ಟೊದ ಆರಂಭದಲ್ಲಿ ಮ್ಯೂಟ್ (ನಾದ ತಗ್ಗಿಸುವ ಸಾಧನ) ಹಾಕಿದ ವಯೊಲಿನ್‌ಗಳು ತೀರಾ ಮೆಲ್ಲಗೆ ನಡುಗುತ್ತಿರುತ್ತವೆ, ಅದರ ಮೇಲೆ ಒಂಟಿ ವಯೊಲಿನ್ ಸಲೀಸಾಗಿ ತೇಲುತ್ತದೆ. ಕಂಡಕ್ಟರ್‌ಗಳೂ ತಂತಿ ವಾದಕರ ಸಂಖ್ಯೆ ಇಳಿಸುತ್ತಾರೆ. ಸಿಂಫನಿಗೆ ಮೊದಲ ವಯೊಲಿನ್ 16 ಇದ್ದರೆ ಕನ್ಸರ್ಟೊಗೆ 12 ಇರಬಹುದು, ಮೊಜಾರ್ಟ್‌ಗೆ ಇನ್ನೂ ಕಡಿಮೆ. ಕಷ್ಟ ಇರುವುದು ಕೆಳಗಿನ 'ಜಿ' ತಂತಿಯಲ್ಲಿ. ಆ ಎತ್ತರದಲ್ಲೇ ಹಾರ್ನ್, ಚೆಲ್ಲೊ, ಕ್ಲಾರಿನೆಟ್‌ಗಳೂ ಇರುವುದರಿಂದ ವಯೊಲಿನ್ ಕರಗಿಹೋಗುತ್ತದೆ. ನನ್ನ ಪರೀಕ್ಷೆ ಸರಳ. ಕೆಳಸ್ವರ ಮಾತ್ರ ಮುಚ್ಚಿಹೋದರೆ ಆರ್ಕೆಸ್ಟ್ರಾ ದಪ್ಪವಾಗಿ ನುಡಿಸುತ್ತಿದೆ. 'ಇ' ತಂತಿಯೂ ಮಂಕಾಗಿದ್ದರೆ ಕೂತ ಜಾಗವೇ ಸರಿಯಿಲ್ಲ. ವಾದಕರನ್ನು ದೂರುವುದು ಈ ಎರಡನ್ನೂ ನೋಡಿದ ಮೇಲೆ.

ವಯೊಲಿನ್ ಸುಮ್ಮನಿರುವಾಗ ಗಮನ ಸಡಿಲಿಸುವುದು ನಷ್ಟ. ಬ್ರಾಮ್ಸ್‌ನ ವಯೊಲಿನ್ ಕನ್ಸರ್ಟೊದ ಎರಡನೆಯ ಭಾಗದಲ್ಲಿ ರಾಗವನ್ನು ಮೊದಲು ಪೂರ್ತಿ ಹಾಡುವುದು ಒಬೊ. ಅದನ್ನು ಕಿವಿಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಆಮೇಲೆ ಬರುವ ವಯೊಲಿನ್ ಅದಕ್ಕೆ ಹೊಲಿದ ಕಸೂತಿ ಕಾಣುತ್ತದೆ.

ಇನ್ನು ಕಡೆಂಜಾದ ಮಾತು. ಬೀಥೊವನ್ ತನ್ನ ವಯೊಲಿನ್ ಕನ್ಸರ್ಟೊಗೆ ಅದನ್ನು ಬರೆದಿಡಲಿಲ್ಲ. ವಯೊಲಿನ್ ವಾದಕರಾದ ಯೋಆಕಿಮ್ ಅಥವಾ ಕ್ರೈಸ್ಲರ್ ಬರೆದದ್ದನ್ನು ಹೆಚ್ಚಾಗಿ ನುಡಿಸುತ್ತಾರೆ. ಯಾವುದೆಂದು ಕಾರ್ಯಕ್ರಮ ಪುಸ್ತಿಕೆಯಲ್ಲಿ ನೋಡಿಕೊಳ್ಳುತ್ತೇನೆ. ಸಾಮಾನ್ಯವಾಗಿ ಕೊನೆಗೆ ಒಂದು ಉದ್ದದ ಟ್ರಿಲ್ (ಪಕ್ಕದ ಎರಡು ಸ್ವರಗಳ ವೇಗದ ಓಲಾಟ) ಬಂದರೆ ಆರ್ಕೆಸ್ಟ್ರಾ ಮರಳುತ್ತಿದೆ ಎಂದರ್ಥ. ಆಗ ಕಂಡಕ್ಟರ್‌ನ ಕೈ ನೋಡಿ: ವಾದಕರ ಕೊನೆಯ ಸ್ವರಕ್ಕೂ ಆ ಕೈಗೂ ಹೊಂದಿಕೆಯಾಯಿತೇ ಎಂಬುದರಲ್ಲಿ ತಾಲೀಮಿನ ಮಟ್ಟ ತಿಳಿಯುತ್ತದೆ.

ಚಪ್ಪಾಳೆ ಮೂರೂ ಭಾಗ ಮುಗಿದ ಮೇಲೆ ಎಂಬುದು ಈಗಿನ ರೂಢಿ. 19ನೆಯ ಶತಮಾನದಲ್ಲಿ ಭಾಗಗಳ ನಡುವೆಯೂ ತಟ್ಟುತ್ತಿದ್ದರು. ಚೈಕೋವ್‌ಸ್ಕಿಯ ವಯೊಲಿನ್ ಕನ್ಸರ್ಟೊದ ಮೊದಲ ಭಾಗ ಎಷ್ಟು ಅಬ್ಬರದಿಂದ ಮುಗಿಯುತ್ತದೆಂದರೆ ಸಭೆ ತಟ್ಟಿಯೇಬಿಡುತ್ತದೆ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮೆಲ್ಲನೆ ಮುಗಿಯುವ ಕಡೆ ಕಮಾನು ಕೆಳಗಿಳಿಯುವ ತನಕ ಕೈ ಕಟ್ಟಿಕೊಂಡಿರುವುದು ಲೇಸು.

ತಂತಿ ಕಡಿದರೆ ಗಾಬರಿ ಬೇಡ. ಕನ್ಸರ್ಟ್‌ಮಾಸ್ಟರ್ (ಮೊದಲ ವಯೊಲಿನ್ ಸಾಲಿನ ಮುಖ್ಯಸ್ಥರು) ತಮ್ಮ ವಯೊಲಿನ್ ಕೊಡುತ್ತಾರೆ, ಕಡಿದದ್ದು ಹಿಂದಕ್ಕೆ ಹೋಗುತ್ತದೆ. 1986ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ 14 ವರ್ಷದ ವಯೊಲಿನ್ ವಾದಕಿ ಮಿಡೋರಿಗೆ ಒಂದೇ ಕೃತಿಯಲ್ಲಿ ಎರಡು ಸಲ 'ಇ' ತಂತಿ ಕಡಿಯಿತು. ಎರಡು ಸಲವೂ ವಾದ್ಯ ಬದಲಿಸಿ ಕೃತಿ ಮುಗಿಸಿದಳು.

ಕರತಾಡನ ಮುಂದುವರಿದರೆ ಎನ್ಕೋರ್ (ಹೆಚ್ಚುವರಿ ಕೃತಿ) ಸಿಗುತ್ತದೆ, ಬಹುಪಾಲು ಬಾಖ್‌ನ ಒಂಟಿ ವಯೊಲಿನ್ ಕೃತಿಗಳಿಂದ ಒಂದು ತುಣುಕು. ಅದು ಪುಸ್ತಿಕೆಯಲ್ಲಿ ಇರುವುದಿಲ್ಲ, ವಾದಕರು ಹೆಸರು ಹೇಳಿದರೆ ತಕ್ಷಣ ಬರೆದುಕೊಳ್ಳಬೇಕು. ಹಸ್ತಾಕ್ಷರ ಬೇಕಿದ್ದವರು ವಿರಾಮದಲ್ಲೇ ವಿಚಾರಿಸಿ, ಏಕೆಂದರೆ ಅತಿಥಿಗಳು ಅನೇಕ ಸಲ ಸಿಂಫನಿ ಮುಗಿಯುವ ಮೊದಲೇ ಹೊರಟಿರುತ್ತಾರೆ. ಕೆಲವರು ಮಾತ್ರ ವಿರಾಮದ ನಂತರ ಮೊದಲ ವಯೊಲಿನ್‌ಗಳ ಹಿಂದಿನ ಸಾಲಿನಲ್ಲಿ ಬಂದು ಕೂತು ಉಳಿದವರ ಜೊತೆ ಸಿಂಫನಿ ನುಡಿಸುತ್ತಾರೆ, ಆ ಸಾಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.