ರಾಶಿಗೆ ಮೊದಲು ನಡಾವಳಿ ಓದುವ ರೂಢಿ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ರೈತ ಉತ್ಪಾದಕರ ಕಂಪನಿಗೆ, ಅಂದರೆ ರೈತರೇ ಷೇರುದಾರರಾಗಿರುವ ಕಂಪನಿಗೆ, ನಾನು ಅಧ್ಯಕ್ಷ. ವರ್ಷವಿಡೀ ಮುಂದಾಳಾಗಿ ಹೇಗೆ ನಡೆದುಕೊಂಡೆ ಎಂದು ನೋಡಿಕೊಳ್ಳುವುದಕ್ಕೆ ನಾನು ಮಾರ್ಚ್ ಲೆಕ್ಕದವರೆಗೆ ಕಾಯುವುದಿಲ್ಲ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲೇ ಕೂಡುತ್ತೇನೆ. ಆಗ ತೊಗರಿ ಕಾಯಿ ಬಲಿತಿರುತ್ತದೆ, ಔಷಧ ಹೊಡೆಯುವ ಗಡಿಬಿಡಿ ಮುಗಿದಿರುತ್ತದೆ, ರಾಶಿ (ಒಕ್ಕಣೆ) ಇನ್ನೂ ಜೋರಾಗಿರುವುದಿಲ್ಲ. ಏನಾದರೂ ಬದಲಾಗಬೇಕಿದ್ದರೆ ಈ ಹಂಗಾಮಿಗೇ ಬದಲಾಗಲಿ ಎಂಬುದು ನನ್ನ ಲೆಕ್ಕ.

ಮೊದಲ ಕೆಲಸ, ನಡಾವಳಿ ಪುಸ್ತಕ, ಅಂದರೆ ಸಭೆಯ ಮಾತು-ತೀರ್ಮಾನ ಬರೆದಿಡುವ ಪುಸ್ತಕ, ಓದುವುದು. ನೆನಪನ್ನು ನಂಬಿದರೆ ಸಿಕ್ಕ ಒಳ್ಳೆಯ ದರ, ಗೆದ್ದ ವಾದ ಇಷ್ಟೇ ಮುಂದೆ ಬರುತ್ತವೆ. ಕಾನೂನಿನ ಪ್ರಕಾರ ನಿರ್ದೇಶಕರ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಏಳು ದಿನ ಮೊದಲೇ ನೋಟಿಸ್ ಹೋಗಬೇಕು. ಅವೆಲ್ಲ ಸರಿಯಾಗಿಯೇ ಇವೆ. ನಾನು ಹುಡುಕುವುದು ಬೇರೆ: ವಿಷಯ ಎತ್ತಿದವರು ಯಾರು, ಕಡೆಯ ಮಾತು ಆಡಿದವರು ಯಾರು. ಎತ್ತಿದವರ ಹೆಸರಿಗೆ ನೀಲಿ ಗೆರೆ, ತೀರ್ಮಾನಿಸಿದವರಿಗೆ ಕೆಂಪು ಗೆರೆ. ಉತ್ಪಾದಕರ ಕಂಪನಿಯಲ್ಲಿ ಷೇರು ಎಷ್ಟಿದ್ದರೂ ಸದಸ್ಯರಿಗೆ ತಲೆಗೊಂದೇ ಮತ. ಮತ ಸಮ ಇದ್ದರೂ ಮಾತು ಸಮ ಇದೆಯೋ ಇಲ್ಲವೋ, ಅದು ಅಧ್ಯಕ್ಷನ ರೂಢಿಗಳ ಮೇಲೆ ನಿಂತಿದೆ. ಈ ಗೆರೆಗಳು ಅದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತವೆ.

ಕಳೆದ ಸಲ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಪುಟ. ತೊಗರಿ ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ, ಕಾಯಿ ಹೆಚ್ಚುತ್ತದೆ. ಅದಕ್ಕೆ ಬ್ಯಾಟರಿ ಯಂತ್ರ ತಂದು ಸದಸ್ಯರ ಹೊಲಗಳಲ್ಲಿ ಮಾಡಿ ತೋರಿಸೋಣ ಎಂದು ನಮ್ಮ ನಿರ್ದೇಶಕಿಯೊಬ್ಬರು ಹೇಳಿದ್ದರು. ವಿಷಯ ಪಟ್ಟಿಯಲ್ಲಿ ಅದು ಕಟ್ಟಕಡೆಗಿತ್ತು. ಬೀಜ, ಗೊಬ್ಬರ, ಬ್ಯಾಂಕಿನ ಮಾತು ಮುಗಿಯುವಷ್ಟರಲ್ಲಿ ಅರ್ಧ ಜನ ಬಸ್ಸಿಗೆ ಎದ್ದಿದ್ದರು. 'ಮುಂದಿನ ಸಭೆಗೆ' ಎಂದು ಬರೆಯಲಾಯಿತು. ಮುಂದಿನ ಸಭೆ ಬರುವ ಹೊತ್ತಿಗೆ ಗಿಡ ಹೂ ಕಟ್ಟಿತ್ತು. ಯಾರೂ ಆಕೆಯ ಮಾತಿಗೆ ಬೇಡ ಅಂದಿರಲಿಲ್ಲ; ಪಟ್ಟಿಯ ಸಾಲೇ ಬೇಡ ಅಂದಿತ್ತು. ಹಿಂದಿನ ಪುಟಗಳನ್ನು ತಿರುವಿದರೆ ಎಲ್ಲ ಸಭೆಗಳಲ್ಲೂ ಅದೇ ಕ್ರಮ: ನಾನು ತಂದ ವಿಷಯ ಮೊದಲು, ಉಳಿದವರದು ಆಮೇಲೆ. ಈಗ ಹಿಂದಿನ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರ ವಿಷಯವೇ ಮೊದಲನೆಯದು. ನನ್ನದು ಕೊನೆಗೆ. ನೋಟಿಸ್ ಬರೆಯುವ ಮುನ್ನ ಅವರಿಗೆ ಫೋನ್ ಮಾಡಿ, 'ಏನ್ ತರ್ತೀರಿ ಅಕ್ಕೋರ?' ಎಂದು ಕೇಳುತ್ತೇನೆ. ಮೊದಮೊದಲು 'ಏನಿಲ್ರೀ' ಎನ್ನುತ್ತಿದ್ದವರು ಈಗ ಚೀಟಿ ಬರೆದುಕೊಂಡು ಬರುತ್ತಾರೆ.

ಪುಸ್ತಕ ಹೇಳದ್ದನ್ನು ಜನರಿಂದ ಕೇಳಬೇಕು. 'ನಾ ಹೆಂಗ ನಡಸ್ಲಿಕತ್ತೀನಿ?' ಎಂದರೆ ನಮ್ಮ ಕಡೆ ಯಾರೂ ಎದುರಿಗೆ ಬಿಚ್ಚಿ ಹೇಳುವುದಿಲ್ಲ. ಹಾಗಾಗಿ ನಾನು ಕೇಳುವುದು ಒಂದೇ: 'ನನ್ನ ಸಲುವಾಗಿ ಯಾವ ಕೆಲಸ ನಿಂತಿತ್ತು?' ಅದನ್ನು ಕೇಳಲು ಎಳ್ಳ ಅಮಾವಾಸ್ಯೆಯ ಊಟದಷ್ಟು ಒಳ್ಳೆಯ ಜಾಗ ನನಗೆ ಬೇರೆ ಸಿಕ್ಕಿಲ್ಲ. ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಹಾಕಿಕೊಂಡು ಹೊಲದಲ್ಲಿ ಕೂತಾಗ ಕುರ್ಚಿ ಇರುವುದಿಲ್ಲ. ನಾವೆಲ್ಲ ಕಾಕಾ ಎನ್ನುವ ಹಿರಿಯ ಸದಸ್ಯರು ನಮ್ಮ ತೊಗರಿ ಖರೀದಿಯ ಕಾಟಾದ (ತೂಕದ ಯಂತ್ರದ) ಬಗ್ಗೆ ತಡಮಾಡದೆ ಹೇಳಿದರು: 'ನೀ ಬರೋತನಾ ಹುಡುಗೂರು ಕಾಟಾಕ್ಕ ಚೀಲ ಏರಸಂಗಿಲ್ಲ ತಮ್ಮಾ. ಟ್ರ್ಯಾಕ್ಟರ್ ನಿಂತ ಬಾಡಿಗಿ ರೈತನ ಮ್ಯಾಲ ಬೀಳ್ತದ.'

ನಾನು ಎದುರಿಗೆ ನಿಂತಿದ್ದರೆ ರೈತನಿಗೆ ಧೈರ್ಯ ಎಂದುಕೊಂಡಿದ್ದೆ. ಅದು ಸುಳ್ಳೇನಲ್ಲ. ಆದರೆ ಆ ಧೈರ್ಯ ತೇವಾಂಶದ ಯಂತ್ರದಿಂದ ಬರಬೇಕು, ನನ್ನ ಮುಖದಿಂದಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ. 12 ದಾಟುವಂತಿಲ್ಲ. ಯಂತ್ರದ ಅಂಕಿಯನ್ನು ರೈತ ತಾನೇ ಓದಬೇಕು, ಹೆಚ್ಚಿದ್ದರೆ ತಾಡಪತ್ರಿ ಮೇಲೆ ಒಣಗಿಸಿ ತರಬೇಕು. ಇದಕ್ಕೆ ಅಧ್ಯಕ್ಷ ಯಾಕೆ? ಇಬ್ಬರು ಸಿಬ್ಬಂದಿಯ ಹೆಸರು ಠರಾವಿನಲ್ಲಿ ಬರೆದು ಆ ಅಧಿಕಾರ ಕೊಟ್ಟೆವು. ಸುಲಭದ ಕೆಲಸವಷ್ಟೇ ಅಲ್ಲ, 'ಇದು ನಡೆಯೂದಿಲ್ಲ' ಎಂದು ಚೀಲ ವಾಪಸ್ ಕಳಿಸುವ ಕಷ್ಟದ ಕೆಲಸವೂ ಅವರದೇ. ಅವರು ತಿರಸ್ಕರಿಸಿದ್ದನ್ನು ನಾನು ಫೋನ್ ಮೇಲೆ ಒಳಗೆ ಸೇರಿಸುವಂತಿಲ್ಲ ಎಂದೂ ಬರೆಸಿದೆ. 2024–25ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, 2025–26ಕ್ಕೆ 8,000 ಆಯಿತು. ಗಂಜಿನಲ್ಲಿ (ಮಾರುಕಟ್ಟೆಯಲ್ಲಿ) ದರ ಅದಕ್ಕಿಂತ ಕೆಳಗಿಳಿದಾಗ ಬೀಗರು, ಗೆಳೆಯರು ಎಲ್ಲರ ಫೋನೂ ಬರುತ್ತದೆ. ಠರಾವಿನ ಆ ಸಾಲು ಈಗ ಸಿಬ್ಬಂದಿಯನ್ನೂ ಕಾಯುತ್ತದೆ, ನನ್ನನ್ನೂ ಕಾಯುತ್ತದೆ.

ಬಿಡುವ ರೂಢಿಗಳನ್ನಷ್ಟೇ ಹುಡುಕಬಾರದು. ನನ್ನ ಹೊಲದ ತೊಗರಿಯೂ ಟೋಕನ್ ಹಿಡಿದು ಸರದಿಯಲ್ಲೇ ನಿಲ್ಲುತ್ತದೆ, ಅದು ಹಾಗೇ ಇರಲಿ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕ, ಅಂದರೆ ಈ ನೆಲದ ಬೆಳೆಗಷ್ಟೇ ಸಲ್ಲುವ ಹೆಸರಿನ ಗುರುತು, ಬಂದಿದೆ. ಆ ಹೆಸರಿನಲ್ಲಿ ಮಾರುವವರು ಒಳಗೇ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನ್ಯಾಯ ಮಾಡಿದರೆ ಹೆಸರು ಉಳಿಯದು.

ಇಟ್ಟುಕೊಳ್ಳುವುದು, ಬಿಡುವುದು ಎರಡನ್ನೂ ಜನವರಿ ಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿದ್ದೇವೆ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು ನನಗೆ ಪ್ರಶ್ನೆ ಹಾಕುವ ಕೆಲಸ ನಮ್ಮ ಅತಿ ಕಿರಿಯ ನಿರ್ದೇಶಕರದು. ಕುಡಿ ಚಿವುಟುವ ವಿಷಯ ಈ ಸಲ ಬಿತ್ತನೆಗೆ ಮೊದಲಿನ ಸಭೆಯಲ್ಲಿ ಮೊದಲನೆಯದಾಗಿ ಬರುತ್ತದೆ, ಯಂತ್ರದ ಬೆಲೆ ವಿಚಾರಿಸಿ ತರುವವರು ಆ ನಿರ್ದೇಶಕಿಯೇ.